ಬಯಲು ನೆಲದಲ್ಲಿ ಸೇನಾ ನಕ್ಷೆಯ ಓದು: ಕಲಬುರಗಿಯಿಂದ ಕಮಲಾಪುರದವರೆಗೆ

ಸೇನೆಯು ಬಳಸುವ ನಕ್ಷೆ ಎಂದೊಡನೆ ಗುಟ್ಟಿನ ಕಾಗದವೊಂದರ ಕಲ್ಪನೆ ಮೂಡುವುದು ಸಹಜ; ಆದರೆ ಅದರ ತಳಹದಿ ಭೂಗೋಳದ ವಿದ್ಯಾರ್ಥಿಗಳಿಗೂ ಪರಿಚಿತವಾದ ಸ್ಥಳಾಕೃತಿ ನಕ್ಷೆಯೇ, ಅಂದರೆ ನೆಲದ ಏರಿಳಿತ, ನೀರು, ದಾರಿ, ಊರು, ಗಿಡಮರಗಳನ್ನು ಅಳತೆ ತಪ್ಪದಂತೆ ಗುರುತಿಸಿದ ಟೋಪೋಶೀಟ್. ಗೋಡೆಯ ಮೇಲೆ ತೂಗುವ ರಾಜಕೀಯ ಭೂಪಟ ಊರು ಎಲ್ಲಿದೆ ಎಂಬುದನ್ನು ತಿಳಿಸುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ಸರ್ವೆ ನಂಬರು ಮತ್ತು ಬಾಂದು ಕಲ್ಲುಗಳ ಮೂಲಕ ಹೊಲದ ಗಡಿಯನ್ನು ತೋರಿಸುತ್ತದೆ. ಸೈನಿಕನ ಪ್ರಶ್ನೆಗಳಿಗೆ ಇವೆರಡರಲ್ಲೂ ಉತ್ತರ ಸಿಗುವುದಿಲ್ಲ. ಈ ಹೊಲದಲ್ಲಿ ವಾಹನ ಹೂತುಹೋದೀತೆ, ಈ ಹಳ್ಳವನ್ನು ಎಲ್ಲಿ ದಾಟಬಹುದು, ಆ ದಿಬ್ಬದ ಮೇಲೆ ನಿಂತವನಿಗೆ ಈ ದಾರಿ ಕಾಣುತ್ತದೆಯೇ, ಕತ್ತಲಾಗುವುದರೊಳಗೆ ಮುಂದಿನ ಊರನ್ನು ಸೇರಲು ಸಾಧ್ಯವೇ ಎಂಬವು ಅವನ ಪ್ರಶ್ನೆಗಳು, ಮತ್ತು ಇವಕ್ಕೆ ಉತ್ತರವನ್ನು ಕಾಗದದ ಮೇಲಿನ ಗೆರೆಗಳಿಂದ ಹೊರತೆಗೆಯುವ ವಿದ್ಯೆಯೇ ನಕ್ಷೆ ಓದುವಿಕೆ.

ಎನ್‌ಸಿಸಿಯ ಭೂಸೇನಾ ವಿಭಾಗದ ಪಠ್ಯದಲ್ಲಿ ಈ ವಿದ್ಯೆಗೆ ಪ್ರತ್ಯೇಕ ಸ್ಥಾನವಿದೆ, ಸೇನೆಗೆ ಸೇರಬಯಸುವ ಕಲಬುರಗಿ ಭಾಗದ ಯುವಕ ಯುವತಿಯರು ಅದನ್ನು ಓದಿಯೂ ಇರುತ್ತಾರೆ. ಆದರೆ ಕೈಪಿಡಿಗಳ ಉದಾಹರಣೆಗಳೆಲ್ಲ ಸಾಮಾನ್ಯವಾಗಿ ಬೆಟ್ಟದ ಸೀಮೆಯವು. ಶಿಖರ, ಕಣಿವೆ, ಕಡಿದಾದ ಇಳಿಜಾರುಗಳು ಎದ್ದು ಕಾಣುವ ನಕ್ಷೆಯನ್ನು ಓದುವುದು ಒಂದು ಬಗೆ. ಎರೆ ಹೊಲಗಳು ದಿಗಂತದವರೆಗೆ ಹರಡಿರುವ ಕಲಬುರಗಿಯ ನಕ್ಷೆಯನ್ನು ಓದುವುದು ಇನ್ನೊಂದು ಬಗೆ. ಇಂಥ ಬಯಲಿನಲ್ಲಿ ಎತ್ತರದ ಗೆರೆಗಳಿಗಿಂತ ಮೊದಲು ನೀರಿನ ಗೆರೆಗಳನ್ನು ಓದಬೇಕು ಎಂಬುದು ಈ ಲೇಖನದ ಮುಖ್ಯ ಸಲಹೆ. ಹಾಗೇಕೆ ಎಂಬುದು ಮುಂದೆ ವಿವರವಾಗಿ ಬರುತ್ತದೆ.

ಹಾಳೆಯ ಸಂಖ್ಯೆ

ಭಾರತದ ನಕ್ಷೆಗಳನ್ನು ರಚಿಸುವ ಸರ್ವೆ ಆಫ್ ಇಂಡಿಯಾ 1767ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, ಆರಂಭವಾಯಿತು. ದೇಶದ ಅಳತೆಗೆ ಬೆನ್ನೆಲುಬಾದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯನ್ನು ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಶುರುಮಾಡಿದನು. ಅವನು ಹಾಕಿದ ತ್ರಿಕೋನಗಳ ಸರಪಳಿ ಉತ್ತರಕ್ಕೆ ಸಾಗುತ್ತ ಆಗಿನ ನಿಜಾಮ್ ಸಂಸ್ಥಾನವನ್ನು ಹಾದುಹೋಯಿತು. ಲ್ಯಾಂಬ್ಟನ್ನನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟನ ಅವಧಿಯಲ್ಲಿ, 1841ರಲ್ಲಿ, ಬೀದರಿನ ಬಳಿ ಆಧಾರರೇಖೆಯೊಂದನ್ನು ಅಳೆಯಲಾಯಿತು. ಆಧಾರರೇಖೆ ಎಂದರೆ ನೆಲದ ಮೇಲೆ ಮೈಲುಗಟ್ಟಲೆ ಉದ್ದಕ್ಕೆ ಲೋಹದ ಸರಳುಗಳನ್ನಿಟ್ಟು ಅತ್ಯಂತ ನಿಖರವಾಗಿ ಅಳೆದ ಸರಳರೇಖೆ. ತ್ರಿಕೋನದ ಒಂದು ಬಾಹುವಿನ ಉದ್ದ ಹೀಗೆ ಗೊತ್ತಾದರೆ ಉಳಿದ ಬಾಹುಗಳನ್ನು ಕೋನಗಳಿಂದಲೇ ಲೆಕ್ಕ ಹಾಕಬಹುದು. ನಕ್ಷೆಯಲ್ಲಿ ಇಂದಿಗೂ ಪುಟ್ಟ ತ್ರಿಕೋನದ ಚಿಹ್ನೆ ಮತ್ತು ಅದರ ಪಕ್ಕದ ಎತ್ತರದ ಅಂಕಿ ಕಂಡರೆ ಅದು ಇಂಥ ಸರ್ವೇಕ್ಷಣಾ ಕೇಂದ್ರವೆಂದು ತಿಳಿಯಬೇಕು. ಸುತ್ತಲೂ ದೂರದವರೆಗೆ ಕಾಣುವ ಜಾಗವನ್ನೇ ಆ ಕೇಂದ್ರಗಳಿಗಾಗಿ ಆರಿಸಿರುವುದರಿಂದ, ಬಯಲು ಸೀಮೆಯ ಹಾಳೆಯಲ್ಲಿ ಒಳ್ಳೆಯ ವೀಕ್ಷಣಾ ಸ್ಥಳವನ್ನು ಹುಡುಕುವವರಿಗೆ ಮೊದಲ ಸುಳಿವು ಆ ತ್ರಿಕೋನವೇ ಆಗಿರುತ್ತದೆ.

ಹಾಳೆಗಳ ಸಂಖ್ಯಾಕ್ರಮವನ್ನು ಅರಿಯದೆ ಸರಿಯಾದ ನಕ್ಷೆಯನ್ನು ಕೇಳಿ ಪಡೆಯುವುದು ಸಾಧ್ಯವಿಲ್ಲ. ಹಳೆಯ ಪದ್ಧತಿಯಲ್ಲಿ ದೇಶವನ್ನು 4 ಡಿಗ್ರಿ ಅಕ್ಷಾಂಶ ಮತ್ತು 4 ಡಿಗ್ರಿ ರೇಖಾಂಶದ ಚೌಕಗಳಾಗಿ ವಿಭಜಿಸಿ ಒಂದೊಂದಕ್ಕೂ ಅಂಕಿಯನ್ನು ಕೊಡಲಾಗಿದೆ. ಉತ್ತರ ಅಕ್ಷಾಂಶ 16ರಿಂದ 20, ಪೂರ್ವ ರೇಖಾಂಶ 76ರಿಂದ 80 ಡಿಗ್ರಿಗಳ ನಡುವಿನ ಚೌಕದ ಸಂಖ್ಯೆ 56. ಕಲಬುರಗಿ, ಬೀದರ್, ಹೈದರಾಬಾದ್ ಮೂರೂ ಇದರೊಳಗೆ ಬರುತ್ತವೆ. ಈ ಚೌಕವನ್ನು ಒಂದೊಂದು ಡಿಗ್ರಿಯ 16 ಭಾಗಗಳಾಗಿ ಸೀಳಿ, ಎಡಗಡೆಯ ಕಂಬಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತ, ಮತ್ತೆ ಪಕ್ಕದ ಸಾಲಿನ ಮೇಲ್ತುದಿಗೆ ಹೋಗುತ್ತ, ಎ ಇಂದ ಪಿ ವರೆಗಿನ ಅಕ್ಷರಗಳನ್ನು ಇಡಲಾಗಿದೆ. ಪ್ರತಿ ಡಿಗ್ರಿಯನ್ನೂ 15 ಮಿನಿಟುಗಳ 16 ತುಂಡುಗಳಾಗಿ ಅದೇ ಕ್ರಮದಲ್ಲಿ ಕತ್ತರಿಸಿ 1ರಿಂದ 16ರವರೆಗೆ ಎಣಿಸಲಾಗುತ್ತದೆ. ಕಲಬುರಗಿ ನಗರ ಸುಮಾರು 17 ಡಿಗ್ರಿ 20 ಮಿನಿಟು ಉತ್ತರ, 76 ಡಿಗ್ರಿ 50 ಮಿನಿಟು ಪೂರ್ವದಲ್ಲಿರುವುದರಿಂದ ಅದು 56 ಸಿ ಎಂಬ ಡಿಗ್ರಿ ಹಾಳೆಯ ಬಲತುದಿಯ ಸಾಲಿನಲ್ಲಿ, ಮೇಲಿನಿಂದ ಮೂರನೆಯ ತುಂಡಿನಲ್ಲಿ ಬೀಳುತ್ತದೆ, ಅಂದರೆ ಅದರ ಹಾಳೆ 56 ಸಿ/15. ಅದರ ಮೇಲಿನ ಹಾಳೆ 56 ಸಿ/14.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ರಸ್ತೆಯಲ್ಲಿರುವ ಕಮಲಾಪುರದ ವಿಷಯದಲ್ಲಿ ಓದುಗರು ಸ್ವಲ್ಪ ಎಚ್ಚರದಿಂದಿರಬೇಕು. ಆ ಊರು 77 ಡಿಗ್ರಿ ರೇಖಾಂಶಕ್ಕೆ ಅಂಟಿಕೊಂಡಂತೆ ಇದೆ, ಮತ್ತು ಆ ರೇಖಾಂಶವೇ 56 ಸಿ ಮುಗಿದು 56 ಜಿ ಶುರುವಾಗುವ ಅಂಚು. ಊರ ಪಶ್ಚಿಮದ ಹೊಲಗಳನ್ನು ನೋಡಲು 56 ಸಿ/14 ಸಾಕಾದರೆ, ಪೂರ್ವಕ್ಕೆ ಚಿಂಚೋಳಿಯ ಕಡೆ ಹೊರಟವರಿಗೆ 56 ಜಿ/2 ಬೇಕಾಗುತ್ತದೆ. ಮುಖ್ಯವಾದ ಊರೊಂದು ಹಾಳೆಯ ಅಂಚಿಗೆ ಬರುವುದು ನಕ್ಷೆ ಓದುವವರಿಗೆ ಪದೇಪದೇ ಎದುರಾಗುವ ತೊಡಕಾದ್ದರಿಂದ, ಒಂದು ಹಾಳೆಯನ್ನು ಕೊಳ್ಳುವಾಗ ಅದರ ಅಂಚಿನಲ್ಲಿ ಅಚ್ಚಾಗಿರುವ ಅಕ್ಕಪಕ್ಕದ ಹಾಳೆಗಳ ಸೂಚಿಯನ್ನು ನೋಡಿ ನೆರೆಯ ಹಾಳೆಗಳನ್ನೂ ಪಡೆಯುವುದು ಒಳ್ಳೆಯದು.

2005ರ ರಾಷ್ಟ್ರೀಯ ನಕ್ಷಾ ನೀತಿಯು ನಕ್ಷೆಗಳನ್ನು ಎರಡು ಶ್ರೇಣಿಗಳಾಗಿ ಬೇರ್ಪಡಿಸಿತು. ರಕ್ಷಣಾ ಶ್ರೇಣಿಯ ನಕ್ಷೆಗಳು ಸೇನೆ ಮತ್ತು ಭದ್ರತಾ ಪಡೆಗಳಿಗೆ ಮೀಸಲು; ಮುಕ್ತ ಶ್ರೇಣಿಯವು ಸಾರ್ವಜನಿಕರಿಗೆ. ಮುಕ್ತ ಶ್ರೇಣಿಗೆ ಹೊಸ ಸಂಖ್ಯೆಗಳಿದ್ದು, ಕಲಬುರಗಿಯ ಹಾಳೆಯನ್ನು ಇ 43 ಕ್ಯೂ 15 ಎಂದೂ ಅದರ ಮೇಲಿನದನ್ನು ಇ 43 ಕ್ಯೂ 14 ಎಂದೂ 77 ಡಿಗ್ರಿಯ ಆಚೆಯದನ್ನು ಇ 43 ಆರ್ 2 ಎಂದೂ ಕೇಳಬೇಕು. ಇಲ್ಲಿನ ಇ ಅಕ್ಷರ 16ರಿಂದ 20 ಡಿಗ್ರಿಗಳ ಅಕ್ಷಾಂಶ ಪಟ್ಟಿಯನ್ನೂ 43 ಎಂಬ ಅಂಕಿ 72ರಿಂದ 78 ಡಿಗ್ರಿಗಳ ರೇಖಾಂಶ ವಲಯವನ್ನೂ ಸೂಚಿಸುತ್ತವೆ. ತುಂಡುಗಳ ಕೊನೆಯ ಅಂಕಿ ಎರಡೂ ಪದ್ಧತಿಗಳಲ್ಲಿ ಒಂದೇ ಆಗಿರುವುದು ಹಳೆಯ ಹಾಳೆಗಳಿಗೆ ಒಗ್ಗಿಕೊಂಡವರಿಗೆ ಅನುಕೂಲವಾಗಿದೆ. ಕಲಿಕೆಗೆ ಮುಕ್ತ ಶ್ರೇಣಿಯ ಹಾಳೆ ಧಾರಾಳವಾಗಿ ಸಾಕು. ಸೇನಾ ಶ್ರೇಣಿಯ ನಕ್ಷೆಯೊಂದು ಶಿಬಿರದಲ್ಲಿ ಕೈಗೆ ಬಂದರೂ ಅದರ ಚಿತ್ರ ತೆಗೆದು ಮೊಬೈಲಿನಲ್ಲಿ ಹಂಚುವುದು ಅಪರಾಧವಾಗಬಹುದೆಂಬುದನ್ನು ಕೆಡೆಟ್‌ಗಳು ಮರೆಯಬಾರದು.

ಅಳತೆ ಮತ್ತು ಗ್ರಿಡ್

ಈ 15 ಮಿನಿಟಿನ ಹಾಳೆಗಳ ಪ್ರಮಾಣ 1:50,000. ಅದರ ಅರ್ಥ ಕಾಗದದ ಮೇಲಿನ 1 ಸೆಂ.ಮೀ. ನೆಲದ ಮೇಲಿನ 50,000 ಸೆಂ.ಮೀ.ಗೆ, ಅಂದರೆ 500 ಮೀಟರಿಗೆ, ಸಮ ಎಂದು. ಹೀಗಾಗಿ 2 ಸೆಂ.ಮೀ. ಒಂದು ಕಿಲೋಮೀಟರ್. ಗಂಟೆಗೆ 5 ಕಿ.ಮೀ. ನಡೆಯುವವರಿಗೆ ನಕ್ಷೆಯ ಪ್ರತಿ ಸೆಂಟಿಮೀಟರಿಗೆ 6 ನಿಮಿಷ ಹಿಡಿಯುತ್ತದೆ ಎಂಬ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡರೆ ಹೊಲದಲ್ಲಿ ನಿಂತು ಗುಣಾಕಾರ ಮಾಡುವ ತಾಪತ್ರಯ ತಪ್ಪುತ್ತದೆ. ಕಲಬುರಗಿಯಿಂದ ಕಮಲಾಪುರಕ್ಕೆ ನೇರ ಗೆರೆಯಲ್ಲಿ 30 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅಂದರೆ ಕಾಗದದ ಮೇಲೆ 60 ಸೆಂ.ಮೀ.ಗಿಂತ ಹೆಚ್ಚು. ಈ ಅಕ್ಷಾಂಶದಲ್ಲಿ 15 ಮಿನಿಟಿನ ಹಾಳೆಯೊಂದು ಸುಮಾರು 55 ಸೆಂ.ಮೀ. ಎತ್ತರ ಮತ್ತು 53 ಸೆಂ.ಮೀ. ಅಗಲ ಇರುತ್ತದೆ, ಎರಡು ಹಾಳೆಗಳನ್ನು ಅಂಟಿಸದೆ ಈ ದಾರಿಯನ್ನು ಪೂರ್ತಿ ನೋಡಲಾಗದು. ಅಂಟಿಸುವಾಗ ಅಂಚಿನ ಬಿಳಿ ಭಾಗವನ್ನು ಒಂದೇ ಹಾಳೆಯಿಂದ ಕತ್ತರಿಸಬೇಕು, ಮತ್ತು ಕತ್ತರಿಸಿದ ಅಂಚಿನಲ್ಲಿದ್ದ ಗ್ರಿಡ್ ಅಂಕಿಗಳನ್ನು ಒಳಗೆ ಪೆನ್ಸಿಲಿನಿಂದ ಬರೆದುಕೊಳ್ಳಬೇಕು. ರಸ್ತೆಯ ದೂರ ನೇರ ದೂರಕ್ಕಿಂತ ಯಾವಾಗಲೂ ಹೆಚ್ಚು. ಅದನ್ನು ಅಳೆಯಲು ಕಾಗದದ ಪಟ್ಟಿಯೊಂದರ ಅಂಚನ್ನು ತಿರುವಿನಿಂದ ತಿರುವಿಗೆ ಹೊರಳಿಸುತ್ತ ಗುರುತು ಹಾಕಿ, ಕೊನೆಗೆ ಪಟ್ಟಿಯನ್ನು ಹಾಳೆಯ ಕೆಳಗಿನ ಗೆರೆ ಪ್ರಮಾಣದ ಮೇಲಿಟ್ಟು ಓದುವುದು ಸೇನೆಯಲ್ಲಿ ಹಿಂದಿನಿಂದ ನಡೆದುಬಂದ ಸರಳ ಉಪಾಯ.

ಅಕ್ಷಾಂಶ ರೇಖಾಂಶಗಳನ್ನು ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ ಹೇಳುವುದು ನಿಖರವಾದರೂ ಗಡಿಬಿಡಿಯಲ್ಲಿ ರೇಡಿಯೋ ಮೂಲಕ ಹೇಳಲು ತೊಡಕಿನದು. ಆದ್ದರಿಂದ ನಕ್ಷೆಯ ಮೇಲೆ ಒಂದು ಕಿಲೋಮೀಟರಿಗೆ ಒಂದರಂತೆ ಅಡ್ಡ ಮತ್ತು ಉದ್ದ ಗೆರೆಗಳ ಬಲೆಯನ್ನು ಹರಡಲಾಗುತ್ತದೆ, ಇದೇ ಗ್ರಿಡ್. ಉದ್ದ ಗೆರೆಗಳ ಅಂಕಿ ಪೂರ್ವಕ್ಕೆ ಹೋದಂತೆ ಏರುವುದರಿಂದ ಅವನ್ನು ಈಸ್ಟಿಂಗ್ ಎಂದೂ, ಅಡ್ಡ ಗೆರೆಗಳ ಅಂಕಿ ಉತ್ತರಕ್ಕೆ ಹೋದಂತೆ ಏರುವುದರಿಂದ ಅವನ್ನು ನಾರ್ದಿಂಗ್ ಎಂದೂ ಕರೆಯುತ್ತಾರೆ. ಮುಕ್ತ ಶ್ರೇಣಿಯ ಗ್ರಿಡ್ಡಿನಲ್ಲಿ ಕಲಬುರಗಿ ನಗರದ ಈಸ್ಟಿಂಗ್ ಸುಮಾರು 695 ಕಿ.ಮೀ., ನಾರ್ದಿಂಗ್ ಸುಮಾರು 1918 ಕಿ.ಮೀ. ಬರುತ್ತದೆ, ಆದರೆ ಪ್ರತಿಸಲ ಇಡೀ ಸಂಖ್ಯೆಯನ್ನು ಹೇಳದೆ ಕೊನೆಯ ಎರಡು ಅಂಕಿಗಳನ್ನಷ್ಟೇ ಬಳಸುವುದು ವಾಡಿಕೆ. 94ನೆಯ ಉದ್ದ ಗೆರೆ ಮತ್ತು 18ನೆಯ ಅಡ್ಡ ಗೆರೆ ಸೇರುವ ಮೂಲೆಯನ್ನು ತನ್ನ ಎಡ ಕೆಳ ಮೂಲೆಯಾಗಿ ಹೊಂದಿದ ಚೌಕದ ಹೆಸರು 9418. ಆ ಚೌಕದಲ್ಲಿರುವ ಗುಡಿಯೊಂದು ಎಡಗೆರೆಯಿಂದ 300 ಮೀಟರ್ ಪೂರ್ವಕ್ಕೂ ಕೆಳಗೆರೆಯಿಂದ 700 ಮೀಟರ್ ಉತ್ತರಕ್ಕೂ ಇದ್ದರೆ ಅದರ ಆರಂಕಿಯ ಗ್ರಿಡ್ ರೆಫರೆನ್ಸ್ 943187 ಆಗುತ್ತದೆ. ನಾಲ್ಕಂಕಿಯ ರೆಫರೆನ್ಸ್ ಒಂದು ಕಿಲೋಮೀಟರಿನ ಚೌಕವನ್ನು ತೋರಿಸಿದರೆ, ಆರಂಕಿಯದು 100 ಮೀಟರಿನವರೆಗೆ, ಎಂಟಂಕಿಯದು 10 ಮೀಟರಿನವರೆಗೆ ಜಾಗವನ್ನು ಹಿಡಿದು ತೋರಿಸುತ್ತದೆ.

ಮೊದಲು ಅಡ್ಡಕ್ಕೆ ಸರಿದು ಆಮೇಲೆ ಮೇಲಕ್ಕೆ ಏರಬೇಕು ಎಂಬ ಕ್ರಮ ತಪ್ಪಿದರೆ ಜಾಗ ಹತ್ತಾರು ಕಿಲೋಮೀಟರ್ ದೂರಕ್ಕೆ ಹೋಗುತ್ತದೆ. ಕಲಿಯುವವರು ಇದಕ್ಕಿಂತಲೂ ಹೆಚ್ಚಾಗಿ ಮಾಡುವ ತಪ್ಪು ಇನ್ನೊಂದು: ಬಿಂದುವಿಗೆ ಹತ್ತಿರದ ಗೆರೆಯ ಅಂಕಿಯನ್ನು ಬರೆದುಬಿಡುವುದು. ಬಿಂದು ಬಲಗೆರೆಗೆ ಎಷ್ಟೇ ಸಮೀಪವಿದ್ದರೂ ಅದರ ಎಡಗಡೆಯ ಗೆರೆಯನ್ನೇ ಬರೆಯಬೇಕು, ಮೇಲಿನ ಗೆರೆಗೆ ತಾಗುವಂತಿದ್ದರೂ ಕೆಳಗಿನದನ್ನೇ ಬರೆಯಬೇಕು. ಜೊತೆಗೆ, ಕೊನೆಯ ಎರಡು ಅಂಕಿಗಳು ಪ್ರತಿ 100 ಕಿ.ಮೀ.ಗೆ ಒಮ್ಮೆ ಮರುಕಳಿಸುವುದರಿಂದ ರೆಫರೆನ್ಸಿನ ಜೊತೆ ಹಾಳೆಯ ಸಂಖ್ಯೆಯನ್ನೂ ಹೇಳದಿದ್ದರೆ ಅದು ಅಪೂರ್ಣ. ಹಳೆಯ ಹಾಳೆಗಳ ಲೆಕ್ಕ ಎವರೆಸ್ಟನ ಹೆಸರಿನ ಭೂಗೋಳಾಕೃತಿಯನ್ನು ಆಧರಿಸಿದೆ, ಹೊಸ ಹಾಳೆಗಳೂ ಮೊಬೈಲಿನ ಜಿಪಿಎಸ್ಸೂ ಡಬ್ಲ್ಯೂಜಿಎಸ್ 84 ಎಂಬ ಜಾಗತಿಕ ಆಧಾರವನ್ನು ಬಳಸುತ್ತವೆ. ಒಂದರ ಅಂಕಿಗಳನ್ನು ಇನ್ನೊಂದರ ಮೇಲೆ ಗುರುತಿಸಿದರೆ ಜಾಗ 100 ಮೀಟರಿಗೂ ಮೀರಿ ಸರಿಯುತ್ತದೆ. ನಡುವೆ ಹಳ್ಳವೊಂದಿದ್ದರೆ ಅಷ್ಟು ತಪ್ಪು ಓದುಗನನ್ನು ಹಳ್ಳದ ಆಚೆ ದಡದಲ್ಲಿ ನಿಲ್ಲಿಸಲು ಸಾಕು.

ನೀರು ಮೊದಲು, ಎತ್ತರ ಆಮೇಲೆ

ಸರ್ವೆ ಆಫ್ ಇಂಡಿಯಾದ ಬಣ್ಣಗಳ ಭಾಷೆ ಬಹುಮಟ್ಟಿಗೆ ಸ್ಥಿರವಾದದ್ದು. ನೀಲಿ ನೀರಿಗೆ, ಕಂದು ಸಮೋಚ್ಚ ರೇಖೆಗಳಿಗೆ, ಹಸಿರು ಕಾಡು ಮತ್ತು ತೋಪುಗಳಿಗೆ, ಹಳದಿ ಸಾಗುವಳಿಯ ನೆಲಕ್ಕೆ, ಕೆಂಪು ರಸ್ತೆ ಮತ್ತು ವಸತಿಗೆ, ಕಪ್ಪು ಹೆಸರು, ರೈಲು ಹಳಿ, ಗಡಿ ಹಾಗೂ ಬತ್ತಿದ ಹಳ್ಳಗಳಿಗೆ, ಬಿಳಿ ಉಳದ ಬೀಳು ನೆಲಕ್ಕೆ. 56 ಸಿ/15ರಂಥ ಹಾಳೆಯನ್ನು ಬಿಡಿಸಿದರೆ ಕಣ್ಣಿಗೆ ಮೊದಲು ತುಂಬುವುದು ಹಳದಿ. ಹಳದಿ ಇದ್ದಲ್ಲಿ ತೆರೆದ ನೆಲವಿದೆ ಎಂದು ಎಣಿಸುವುದು ತಪ್ಪಾದೀತು. ಜೂನ್ ತಿಂಗಳಲ್ಲಿ ಬರಿದಾಗಿ ಮೈಲು ದೂರ ಕಾಣುವ ಎರೆ ಹೊಲ, ತೊಗರಿ ಆಳೆತ್ತರಕ್ಕೆ ಬೆಳೆದು ನಿಂತ ನವೆಂಬರಿನಲ್ಲಿ ಹತ್ತು ಹೆಜ್ಜೆ ಆಚೆಯದನ್ನೂ ಮರೆಮಾಡಬಲ್ಲದು. ನಕ್ಷೆಯ ಹಳದಿ ಬಣ್ಣಕ್ಕೆ ಋತುಗಳಿಲ್ಲ, ಅದನ್ನು ಓದುವವನೇ ಸೇರಿಸಿಕೊಳ್ಳಬೇಕು.

ಸಮೋಚ್ಚ ರೇಖೆ ಎಂದರೆ ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಸೇರಿಸಿ ಎಳೆದ ಗೆರೆ. 1:50,000 ಪ್ರಮಾಣದ ಹಾಳೆಗಳಲ್ಲಿ ಎರಡು ಗೆರೆಗಳ ನಡುವಣ ಎತ್ತರದ ಅಂತರ ಸಾಮಾನ್ಯವಾಗಿ 20 ಮೀಟರ್, ಮತ್ತು ಪ್ರತಿ ಐದನೆಯ ಗೆರೆಯನ್ನು ದಪ್ಪವಾಗಿ ಎಳೆದು ಎತ್ತರವನ್ನು ಬರೆದಿರುತ್ತಾರೆ. ಕಲಬುರಗಿಯ ಬಯಲಿನ ತೊಡಕು ಇಲ್ಲಿಯೇ ಇದೆ. ಎರಡು ಗೆರೆಗಳ ನಡುವೆ 15 ಮೀಟರಿನ ದಿಬ್ಬವೊಂದು ಎದ್ದಿದ್ದರೂ ಅದು ಮೇಲಿನ ಗೆರೆಯನ್ನು ಮುಟ್ಟದಿದ್ದರೆ ನಕ್ಷೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಬೆಟ್ಟದ ಸೀಮೆಯಲ್ಲಿ 15 ಮೀಟರ್ ಗಣನೆಗೆ ಬಾರದ ಎತ್ತರ. ಬಯಲಿನಲ್ಲಿ ಅದರ ಮೇಲೆ ನಿಂತವನು ಸುತ್ತಲ ಊರುಗಳನ್ನೆಲ್ಲ ನೋಡಬಲ್ಲ, ಅದರ ಹಿಂದೆ ವಾಹನಗಳ ಸಾಲೊಂದು ಅಡಗಿ ನಿಲ್ಲಬಲ್ಲದು. ಈ ಭಾಗದ ಹಳ್ಳಿಗಳಲ್ಲಿ ಇಂದಿಗೂ ಕಾಣುವ ಹುಡೇವುಗಳನ್ನು, ಅಂದರೆ ಊರ ಕಾವಲಿನ ಬುರುಜುಗಳನ್ನು, ಕಟ್ಟಿದವರಿಗೆ ಬಯಲಿನಲ್ಲಿ ಕೆಲವೇ ಮೀಟರುಗಳ ಎತ್ತರಕ್ಕಿರುವ ಬೆಲೆ ಚೆನ್ನಾಗಿ ಗೊತ್ತಿತ್ತು.

ಸಮೋಚ್ಚ ರೇಖೆಗಳು ಹೇಳದೆ ಬಿಟ್ಟದ್ದನ್ನು ನೀರಿನ ಗೆರೆಗಳು ಹೇಳುತ್ತವೆ. ಹಳ್ಳ, ತೊರೆಗಳು ನೆಲದ ಅತ್ಯಂತ ತಗ್ಗಾದ ಜಾಗಗಳನ್ನೇ ಹಿಡಿದು ಹರಿಯುವುದರಿಂದ, ಹತ್ತಿರದ ಎರಡು ಹಳ್ಳಗಳ ನಡುವೆ ಎಲ್ಲಿಯಾದರೂ ಒಂದು ಏರು ಇದ್ದೇ ತೀರಬೇಕು. ಎಲ್ಲ ಹಳ್ಳಗಳನ್ನೂ ನೀಲಿ ಪೆನ್ಸಿಲಿನಿಂದ ತಿದ್ದಿ, ಅವುಗಳ ನಡುವಣ ಏರುಗಳನ್ನು ಕಂದು ಚುಕ್ಕೆಗಳಿಂದ ಗುರುತಿಸಿದರೆ, ಬಯಲಾಗಿ ಕಂಡಿದ್ದ ಹಾಳೆಯಲ್ಲಿ ನೆಲದ ಅಸ್ಥಿಪಂಜರ ಮೂಡುತ್ತದೆ. ಹಳೆಯ ಬಂಡಿದಾರಿಗಳು ಬಹುತೇಕ ಇಂಥ ಏರುಗಳ ಮೇಲೆಯೇ ಸಾಗುವುದನ್ನು ಆಗ ಗಮನಿಸಬಹುದು. ಮಳೆಗಾಲದಲ್ಲಿ ಹೂಳದೆ ಸಾಗಲು ಬಂಡಿಯವರಿಗೂ ಸೈನ್ಯಕ್ಕೂ ಬೇಕಾದದ್ದು ಒಂದೇ ದಾರಿ. ಹಳ್ಳಗಳು ಕೂಡುವ ಕೋನವೂ ಮಾತನಾಡುತ್ತದೆ: ಎರಡು ಹಳ್ಳಗಳು ಸೇರಿ ಮಾಡುವ ಚೂಪು ತುದಿ ಸಾಮಾನ್ಯವಾಗಿ ನೀರು ಹರಿದುಹೋಗುವ ದಿಕ್ಕನ್ನು ತೋರಿಸುತ್ತದೆ. ಕಮಲಾಪುರ ಸೀಮೆಯ ನೀರು ಬೆಣ್ಣೆತೊರೆಯಂಥ ಹೊಳೆಗಳ ಮೂಲಕ ಕಾಗಿಣಾ ನದಿಗೂ, ಕಾಗಿಣಾದಿಂದ ಭೀಮೆಗೂ ಸೇರುತ್ತದೆ ಎಂಬ ದೊಡ್ಡ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ರತಿ ಸಣ್ಣ ಹಳ್ಳವೂ ತನ್ನ ಸ್ಥಾನದಲ್ಲಿ ಕುಳಿತುಕೊಳ್ಳುತ್ತದೆ.

ಕೆರೆಯ ಏರಿ ಇನ್ನೂ ಒಳ್ಳೆಯ ಸಾಕ್ಷಿ. ಕೆರೆಯನ್ನು ಕಟ್ಟುವವರು ಏರಿಯನ್ನು ಯಾವಾಗಲೂ ತಗ್ಗಿನ ಕಡೆಗೇ ಹಾಕುತ್ತಾರೆ. ಆದ್ದರಿಂದ ನಕ್ಷೆಯಲ್ಲಿ ಏರಿಯ ಚಿಹ್ನೆ ಕೆರೆಯ ಯಾವ ಬದಿಗಿದೆಯೋ ನೆಲ ಆ ಬದಿಗೆ ಇಳಿಯುತ್ತಿದೆ ಎಂದು ಒಂದೇ ಒಂದು ಸಮೋಚ್ಚ ರೇಖೆ ಇಲ್ಲದೆಯೂ ಹೇಳಬಹುದು. ಕಲಬುರಗಿ ನಗರದ ಶರಣಬಸವೇಶ್ವರ ಕೆರೆಯನ್ನು ನಕ್ಷೆಯಲ್ಲಿ ಹುಡುಕಿ, ಇಳಿಜಾರಿನ ದಿಕ್ಕನ್ನು ಏರಿಯಿಂದ ಊಹಿಸಿ, ಆಮೇಲೆ ಕೆರೆಯ ದಂಡೆಗೆ ಹೋಗಿ ಪರೀಕ್ಷಿಸುವುದು ನಗರದ ವಿದ್ಯಾರ್ಥಿಗಳಿಗೆ ಮೊದಲ ದಿನದ ಅಭ್ಯಾಸವಾಗಿ ತಕ್ಕುದು. ವರ್ಷವಿಡೀ ನೀರಿರುವ ಕೆರೆಗೆ ನೀಲಿ ತುಂಬಿರುತ್ತದೆ, ಬತ್ತುವ ಕೆರೆಗೆ ಅದಿರುವುದಿಲ್ಲ. ಬೇಸಿಗೆಯ ನಡಿಗೆಯಲ್ಲಿ ಕುಡಿಯುವ ನೀರನ್ನು ನಂಬಿ ಹೊರಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಏರಿ, ಹಳ್ಳದ ದಡ ಅಥವಾ ಒಡ್ಡಿನ ಪಕ್ಕದಲ್ಲಿ ಅಂಕಿಯೊಂದರ ಜೊತೆ ಆರ್ ಎಂಬ ಅಕ್ಷರ ಕಂಡರೆ ಅದು ಸಾಪೇಕ್ಷ ಎತ್ತರ, ಅಂದರೆ ಸಮುದ್ರಮಟ್ಟದಿಂದಲ್ಲ, ಪಕ್ಕದ ನೆಲದಿಂದ ಅಷ್ಟು ಮೀಟರ್ ಎತ್ತರ ಅಥವಾ ಆಳ ಎಂದು ಅರ್ಥ. ಹಳ್ಳದ ದಡದಲ್ಲಿ 5 ಆರ್ ಎಂದು ಬರೆದಿದ್ದರೆ ಅಲ್ಲಿ ವಾಹನ ಇಳಿಯುವುದು ಕಷ್ಟ, ಆದರೆ ಮನುಷ್ಯರು ಯಾರ ಕಣ್ಣಿಗೂ ಬೀಳದೆ ಅದರೊಳಗೆ ನಡೆದುಹೋಗಬಹುದು. ಬಯಲು ಸೀಮೆಯ ನಕ್ಷೆಯಲ್ಲಿ ಇಷ್ಟು ಚಿಕ್ಕದಾಗಿ ಅಚ್ಚಾಗಿ ಇಷ್ಟು ದೊಡ್ಡ ವಿಷಯವನ್ನು ಹೇಳುವ ಚಿಹ್ನೆ ಬೇರೊಂದಿಲ್ಲ.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರದ ಕಡೆ ಹೋದಂತೆ ನೆಲದ ಸ್ವಭಾವ ಬದಲಾಗುತ್ತದೆ, ಸಮೋಚ್ಚ ರೇಖೆಗಳಿಗೂ ಕೆಲಸ ಬರುತ್ತದೆ. ದಖನ್ನಿನ ಲಾವಾ ಪದರಗಳು ಒಂದರ ಮೇಲೊಂದು ಕೂತು ಉಂಟಾದ ಈ ನೆಲ ಬೀದರಿನ ಜಂಬಿಟ್ಟಿಗೆಯ ಪ್ರಸ್ಥಭೂಮಿಯತ್ತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಪ್ಪು ಎರೆ ಹಿಂದೆ ಸರಿದು, ಕಮಲಾಪುರದ ಹೆಸರಾಂತ ಕೆಂಪು ಬಾಳೆ ಬೆಳೆಯುವ ಕೆಂಪು ಮಣ್ಣು ಕಾಣಿಸಿಕೊಳ್ಳುತ್ತದೆ. ನಕ್ಷೆಯಲ್ಲಿ ಇಂಥ ಮೆಟ್ಟಿಲುಗಳು ಒತ್ತಾಗಿ ಸೇರಿದ ನಾಲ್ಕಾರು ಗೆರೆಗಳು, ಆಮೇಲೆ ಗೆರೆಗಳೇ ಇಲ್ಲದ ಅಗಲ ಜಾಗ, ಮತ್ತೆ ಒತ್ತಾದ ಗೆರೆಗಳು ಎಂಬ ಲಯದಲ್ಲಿ ಬರುತ್ತವೆ. ಗೆರೆಗಳು ವಿ ಆಕಾರದಲ್ಲಿ ಮಡಿದಿದ್ದು ಅದರ ಚೂಪು ಎತ್ತರದ ಕಡೆ ತಿರುಗಿದ್ದರೆ ಅದು ಹಳ್ಳದ ಕೊರಕಲು, ತಗ್ಗಿನ ಕಡೆ ತಿರುಗಿದ್ದರೆ ಗುಡ್ಡದ ಚಾಚು. ಇಳಿಜಾರನ್ನು ಲೆಕ್ಕ ಹಾಕಲು ಎತ್ತರದ ಅಂತರವನ್ನು ಅಡ್ಡ ದೂರದಿಂದ ಭಾಗಿಸಿದರೆ ಸಾಕು: 20 ಮೀಟರಿನ ಎರಡು ಗೆರೆಗಳು ಕಾಗದದ ಮೇಲೆ 5 ಮಿ.ಮೀ. ದೂರವಿದ್ದರೆ ನೆಲದ ಮೇಲೆ 250 ಮೀಟರಿಗೆ 20 ಮೀಟರ್ ಏರು, ಅಂದರೆ ನೂರಕ್ಕೆ 8. ಅದೇ ಗೆರೆಗಳು 2 ಮಿ.ಮೀ. ಅಂತರಕ್ಕೆ ಒತ್ತಿದ್ದರೆ ನೂರಕ್ಕೆ 20, ತುಂಬಿದ ಲಾರಿಗೆ ಅದು ದಾರಿಯಲ್ಲ.

ಕಾಣುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಇಳಿಜಾರಿನ ಬಾಗು ಉತ್ತರ ಹೇಳುತ್ತದೆ. ಮೇಲ್ಭಾಗದಲ್ಲಿ ಒತ್ತಾಗಿದ್ದು ಕೆಳಗೆ ವಿರಳವಾಗುವ ಗೆರೆಗಳು ಒಳಬಾಗಿನ ಇಳಿಜಾರನ್ನು ಸೂಚಿಸುತ್ತವೆ, ಅಲ್ಲಿ ಮೇಲೆ ನಿಂತವನಿಗೆ ಬುಡ ಕಾಣುತ್ತದೆ. ಮೇಲೆ ವಿರಳವಾಗಿದ್ದು ಕೆಳಗೆ ಒತ್ತಾಗುವ ಗೆರೆಗಳು ಹೊರಉಬ್ಬಿನ ಇಳಿಜಾರಿನವು; ಅಲ್ಲಿ ಉಬ್ಬು ಕಣ್ಣಿಗೆ ಅಡ್ಡ ಬಂದು ಬುಡದ ನೆಲ ಮರೆಯಾಗುತ್ತದೆ. ಸೇನೆಯಲ್ಲಿ ಡೆಡ್ ಗ್ರೌಂಡ್ ಎಂದು ಕರೆಯುವುದು ಈ ಮರೆಯ ನೆಲವನ್ನೇ. ಕಮಲಾಪುರದ ಸುತ್ತಲ ಚಪ್ಪಟೆ ತಲೆಯ ಗುಡ್ಡಗಳ ನಡುಭಾಗದಲ್ಲಿ ನಿಂತರೆ ತಪ್ಪಲು ಕಾಣುವುದಿಲ್ಲ. ಅಂಚಿಗೆ ಬಂದು, ತಲೆಯಿಂದ ತುಸು ಕೆಳಗಿಳಿದು, ಇಡೀ ಇಳಿಜಾರು ಕಣ್ಣಿಗೆ ಬೀಳುವ ರೇಖೆಯಲ್ಲಿ ಕಾವಲು ಹಾಕಬೇಕು. ಮಿಲಿಟರಿ ಕ್ರೆಸ್ಟ್ ಎಂಬ ಹೆಸರಿನ ಆ ರೇಖೆಯಲ್ಲಿ ನಿಂತವನ ಆಕೃತಿ ಆಕಾಶಕ್ಕೆ ಎದುರಾಗಿ ಎದ್ದು ಕಾಣುವುದಿಲ್ಲ ಎಂಬುದು ಇನ್ನೊಂದು ಲಾಭ. ಎರಡು ಬಿಂದುಗಳ ನಡುವೆ ನೋಟ ಸಾಗುತ್ತದೆಯೇ ಎಂಬ ಸಂಶಯ ಉಳಿದರೆ, ಅವುಗಳ ನಡುವೆ ಕಾಗದದ ಪಟ್ಟಿ ಇಟ್ಟು ಪ್ರತಿ ಸಮೋಚ್ಚ ರೇಖೆಯನ್ನೂ ಗುರುತಿಸಿ, ಆ ಗುರುತುಗಳಿಂದ ಎತ್ತರಕ್ಕೆ ತಕ್ಕಂತೆ ಲಂಬಗಳನ್ನು ಎಬ್ಬಿಸಿ ಅಡ್ಡಕೊಯ್ತವನ್ನು ಬರೆದು ನೋಡಬೇಕು.

ಮೂರು ಉತ್ತರಗಳು

ನಕ್ಷೆಯಲ್ಲಿ ಉತ್ತರ ದಿಕ್ಕು ಮೂರು ಬಗೆ. ಭೂಮಿಯ ಧ್ರುವದತ್ತ ತೋರುವುದು ನಿಜ ಉತ್ತರ, ದಿಕ್ಸೂಚಿಯ ಮುಳ್ಳು ತೋರುವುದು ಕಾಂತೀಯ ಉತ್ತರ, ಗ್ರಿಡ್ಡಿನ ಉದ್ದ ಗೆರೆಗಳು ತೋರುವುದು ಗ್ರಿಡ್ ಉತ್ತರ. 43ನೆಯ ವಲಯದ ನಡುರೇಖೆ 75 ಡಿಗ್ರಿ ರೇಖಾಂಶವಾಗಿದ್ದು, ಕಲಬುರಗಿ ಅದರ ಪೂರ್ವಕ್ಕಿರುವುದರಿಂದ ಇಲ್ಲಿ ಗ್ರಿಡ್ ಉತ್ತರ ನಿಜ ಉತ್ತರದಿಂದ ಸುಮಾರು ಅರ್ಧ ಡಿಗ್ರಿ ಪೂರ್ವಕ್ಕೆ ವಾಲಿರುತ್ತದೆ. ಕಾಂತೀಯ ಉತ್ತರದ ವ್ಯತ್ಯಾಸವೂ ಈ ಭಾಗದಲ್ಲಿ ಒಂದು ಡಿಗ್ರಿಯ ಆಸುಪಾಸಿನದು, ಆದರೆ ಅದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಾಳೆಯ ಅಂಚಿನ ಟಿಪ್ಪಣಿಯಲ್ಲಿರುವ ವರ್ಷವನ್ನು ನೋಡಿ ಲೆಕ್ಕ ಸರಿಪಡಿಸಬೇಕು. ಒಂದು ಡಿಗ್ರಿಯ ತಪ್ಪು 30 ಕಿ.ಮೀ. ದೂರದಲ್ಲಿ ಸುಮಾರು 500 ಮೀಟರಿನಷ್ಟಾಗುತ್ತದೆ.

ಉತ್ತರದಿಂದ ಬಲಕ್ಕೆ ತಿರುಗುತ್ತ ಅಳೆದ ಕೋನಕ್ಕೆ ಬೇರಿಂಗ್ ಎಂದು ಹೆಸರು. ಕಲಬುರಗಿಯಿಂದ ಕಮಲಾಪುರದ ಬೇರಿಂಗ್ 30ರಿಂದ 35 ಡಿಗ್ರಿಗಳ ನಡುವೆ ಬರುತ್ತದೆ. ಹಿಂದಿರುಗುವವರಿಗೆ ಅದಕ್ಕೆ 180 ಕೂಡಿಸಿದ ಬ್ಯಾಕ್ ಬೇರಿಂಗ್ ಬೇಕು. ತಾನು ಎಲ್ಲಿದ್ದೇನೆಂಬುದು ತಿಳಿಯದಾದಾಗ, ನೆಲದ ಮೇಲೂ ನಕ್ಷೆಯ ಮೇಲೂ ಗುರುತಿಸಬಲ್ಲ ಎರಡು ಮೂರು ವಸ್ತುಗಳ ಬೇರಿಂಗ್ ತೆಗೆದು, ಅವನ್ನು ಗ್ರಿಡ್ ಬೇರಿಂಗಿಗೆ ಪರಿವರ್ತಿಸಿ, ನಕ್ಷೆಯಲ್ಲಿ ಆ ವಸ್ತುಗಳಿಂದ ಬ್ಯಾಕ್ ಬೇರಿಂಗಿನ ಗೆರೆಗಳನ್ನು ಎಳೆದರೆ ಅವು ಕೂಡುವ ಜಾಗವೇ ನಿಂತಿರುವ ಜಾಗ. ಇದಕ್ಕೆ ರಿಸೆಕ್ಷನ್ ಎನ್ನುತ್ತಾರೆ. ಗುಡಿಯ ಶಿಖರ, ಮಸೀದಿಯ ಮಿನಾರು, ಕೋಟೆಯ ಬುರುಜು ಇದಕ್ಕೆ ಒದಗುತ್ತವೆ. ಮೊಬೈಲ್ ಗೋಪುರಗಳು ಎಷ್ಟೇ ಎತ್ತರವಿದ್ದರೂ ಹಳೆಯ ಹಾಳೆಯಲ್ಲಿ ಇರುವುದಿಲ್ಲ. ದಿಕ್ಸೂಚಿಯನ್ನು ವಾಹನ, ರೈಲು ಹಳಿ, ವಿದ್ಯುತ್ ತಂತಿಗಳಿಂದ ದೂರವಿಡಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ದಖನ್ನಿನ ಕಪ್ಪು ಬಸಾಲ್ಟ್ ಕಲ್ಲಿನಲ್ಲಿಯೇ ಕಾಂತೀಯ ಖನಿಜ ಇರುವುದರಿಂದ ಬರಿಬಂಡೆಯ ಮೇಲೆ ಇಟ್ಟ ಮುಳ್ಳು ಕೂಡ ಕೆಲವೆಡೆ ದಾರಿ ತಪ್ಪಿಸುತ್ತದೆ ಎಂಬುದನ್ನು ಈ ಸೀಮೆಯವರು ವಿಶೇಷವಾಗಿ ಗಮನದಲ್ಲಿಡಬೇಕು.

ದಿಕ್ಸೂಚಿ ಇಲ್ಲದಾಗ ಗಡಿಯಾರದ ಸಣ್ಣ ಮುಳ್ಳನ್ನು ಸೂರ್ಯನತ್ತ ಹಿಡಿದು ದಕ್ಷಿಣವನ್ನು ಕಂಡುಹಿಡಿಯುವ ವಿಧಾನವನ್ನು ಅನೇಕ ಪುಸ್ತಕಗಳು ಹೇಳುತ್ತವೆ. ಅದು ನಡುಹಗಲಿನ ಸೂರ್ಯ ಯಾವಾಗಲೂ ದಕ್ಷಿಣಕ್ಕಿರುವ ಶೀತ ದೇಶಗಳ ಉಪಾಯ. ಕಲಬುರಗಿಯ ಅಕ್ಷಾಂಶದಲ್ಲಿ ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗೆ ನಡುಹಗಲಿನ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆ ತಿಂಗಳುಗಳಲ್ಲಿ ಈ ವಿಧಾನವನ್ನು ನಂಬಿದವರು ದಿಕ್ಕನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ. ಬದಲಿಗೆ ನೇರವಾದ ಕೋಲೊಂದನ್ನು ನೆಟ್ಟು, ಅದರ ನೆರಳಿನ ತುದಿಯನ್ನು ಅರ್ಧ ಗಂಟೆಯ ಅಂತರದಲ್ಲಿ ಎರಡು ಸಲ ಗುರುತಿಸಿ ಸೇರಿಸಿದರೆ ಸುಮಾರಾಗಿ ಪಶ್ಚಿಮ ಪೂರ್ವದ ಗೆರೆ ದೊರೆಯುತ್ತದೆ, ಮೊದಲ ಗುರುತು ಪಶ್ಚಿಮದ್ದು. ರಾತ್ರಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಸುಮಾರು 17 ಡಿಗ್ರಿ ಮೇಲೆ ಸಿಗುತ್ತದೆ.

ರಸ್ತೆ, ಸೇತುವೆ ಮತ್ತು ಹಾಳೆಯ ವಯಸ್ಸು

ನಕ್ಷೆಯಲ್ಲಿ ಡಾಂಬರು ರಸ್ತೆ, ಕಚ್ಚಾ ರಸ್ತೆ, ಬಂಡಿದಾರಿ, ಕಾಲುದಾರಿಗಳಿಗೆ ಬೇರೆ ಬೇರೆ ಗೆರೆಗಳನ್ನು ಏಕೆ ಕೊಟ್ಟಿದ್ದಾರೆ ಎಂಬುದಕ್ಕೆ ಈ ಸೀಮೆಯ ಇತಿಹಾಸದಲ್ಲಿಯೇ ಉತ್ತರವಿದೆ. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧರಿಯವರ ನೇತೃತ್ವದ ಭಾರತೀಯ ಸೇನೆಯ ಮುಖ್ಯ ಪಡೆ ಸೋಲಾಪುರದ ಕಡೆಯಿಂದ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿ, ನಳದುರ್ಗ, ಹುಮನಾಬಾದ್, ಜಹೀರಾಬಾದ್‌ಗಳ ಮೂಲಕ ಹಾದುಹೋಗುವ ಹೆದ್ದಾರಿಯನ್ನು ಹಿಡಿದು ಪೂರ್ವಕ್ಕೆ ಸಾಗಿತು. ಸೆಪ್ಟೆಂಬರ್ 17ರಂದು ನಿಜಾಮರು ಕದನ ನಿಲ್ಲಿಸಿದರು. ಕಲ್ಯಾಣ ಕರ್ನಾಟಕದಲ್ಲಿ ವಿಮೋಚನೆಯ ದಿನವಾಗಿ ಆಚರಿಸುವುದು ಅದೇ ದಿನಾಂಕವನ್ನು. ಮಳೆಗಾಲ ಇನ್ನೂ ಮುಗಿಯದ ಆ ತಿಂಗಳಲ್ಲಿ ಎರೆ ನೆಲ ಟ್ಯಾಂಕು, ಲಾರಿಗಳನ್ನು ತಾಳುವಂಥದ್ದಲ್ಲ. ಗಟ್ಟಿ ರಸ್ತೆಯೊಂದೇ ದಾರಿ, ಆ ರಸ್ತೆಯ ಸೇತುವೆಗಳೇ ಅದರ ಬೀಗದ ಕೈಗಳು. ನಳದುರ್ಗದ ಬಳಿ ಬೋರಿ ನದಿಯ ಸೇತುವೆ ಮೊದಲ ದಿನವೇ ಸೇನೆಯ ವಶಕ್ಕೆ ಬಂದದ್ದು ಇಡೀ ಕಾರ್ಯಾಚರಣೆಯ ವೇಗಕ್ಕೆ ಕಾರಣವಾದ ಸಂಗತಿಗಳಲ್ಲೊಂದು. ಕಮಲಾಪುರದ ಉತ್ತರಕ್ಕಿರುವ ಹುಮನಾಬಾದಿನಲ್ಲಿ ಕಲಬುರಗಿಯ ರಸ್ತೆ ಆ ಹೆದ್ದಾರಿಯನ್ನು ಕೂಡುತ್ತದೆ; ಹಾಳೆಯ ಮೇಲೆ ಈ ಕೂಡುದಾರಿಯನ್ನು ನೋಡಿದವರಿಗೆ ಹುಮನಾಬಾದ್ ಯಾರ ಕೈಯಲ್ಲಿದ್ದರೆ ದಕ್ಷಿಣದ ದಾರಿ ಯಾರಿಗೆ ತೆರೆದಿರುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ರಸ್ತೆಗಳನ್ನು ನಂಬುವ ಮೊದಲು ಹಾಳೆಯ ಅಂಚಿನಲ್ಲಿರುವ ಸರ್ವೇಕ್ಷಣೆಯ ವರ್ಷವನ್ನು ಓದಬೇಕು. ನಗರದ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಆದದ್ದರಿಂದ ಹಳೆಯ ಹಾಳೆಗಳಲ್ಲಿ ಗುಲ್ಬರ್ಗಾ ಎಂಬುದೇ ಇರುತ್ತದೆ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಬೀದರ್ ಕಲಬುರಗಿ ರೈಲು ಮಾರ್ಗ, ಮರಗುತ್ತಿ ಬಳಿಯ ಅದರ ಸುರಂಗ, 2019ರ ನವೆಂಬರಿನಲ್ಲಿ ತೆರೆದ ವಿಮಾನ ನಿಲ್ದಾಣ, ಕಮಲಾಪುರ ತಾಲ್ಲೂಕಿನ ಗಡಿ ಇವಾವುವೂ ಅವುಗಳಲ್ಲಿ ಇರಲಾರವು. ಗುಡ್ಡ, ಹಳ್ಳಗಳು ಅರ್ಧ ಶತಮಾನದಲ್ಲಿ ಹೆಚ್ಚು ಬದಲಾಗುವುದಿಲ್ಲ. ರಸ್ತೆ, ತಾಂಡಾ, ಕಾಲುವೆಗಳು ಬದಲಾಗುತ್ತವೆ. ಹಳೆಯ ಹಾಳೆಯಲ್ಲಿ ಒಂದೆರಡು ಗುಡಿಸಲುಗಳ ಚಿಹ್ನೆಯಾಗಿ ಕಂಡ ತಾಂಡಾ ಇಂದು ಶಾಲೆ, ನೀರಿನ ಟ್ಯಾಂಕುಗಳುಳ್ಳ ಊರಾಗಿರಬಹುದು. ಆದ್ದರಿಂದ ನೆಲದ ಆಕಾರಕ್ಕೆ ಹಳೆಯ ಹಾಳೆಯನ್ನೂ, ಮನುಷ್ಯರು ಕಟ್ಟಿದ್ದಕ್ಕೆ ಇತ್ತೀಚಿನ ಉಪಗ್ರಹ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಸೂಕ್ತ.

1:50,000 ಪ್ರಮಾಣದ ಮುಕ್ತ ಶ್ರೇಣಿಯ ಹಾಳೆಗಳನ್ನು ಸರ್ವೆ ಆಫ್ ಇಂಡಿಯಾ 2017ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುತ್ತಿದೆ. ಬೆಂಗಳೂರಿನ ಅದರ ಕಚೇರಿಯಲ್ಲಿ ಅಚ್ಚಾದ ಪ್ರತಿಗಳನ್ನೂ ವಿಚಾರಿಸಬಹುದು. ಅಂತರ್ಜಾಲದಿಂದ ಪಡೆದ ಹಾಳೆಯನ್ನು ಸಣ್ಣ ಕಾಗದಕ್ಕೆ ಕುಗ್ಗಿಸಿ ಮುದ್ರಿಸಿದರೆ 1:50,000 ಎಂಬ ಅಂಕಿ ಸುಳ್ಳಾಗುತ್ತದೆ, ಗೆರೆ ಪ್ರಮಾಣ ಮಾತ್ರ ನಕ್ಷೆಯೊಂದಿಗೆ ತಾನೂ ಕುಗ್ಗಿ ಸರಿಯಾಗಿಯೇ ಉಳಿಯುತ್ತದೆ. ಮುದ್ರಣವಾದೊಡನೆ ಎರಡು ಗ್ರಿಡ್ ಗೆರೆಗಳ ನಡುವೆ 2 ಸೆಂ.ಮೀ. ಇದೆಯೇ ಎಂದು ಅಳೆದು ನೋಡಬೇಕು. ಆಮೇಲೆ ಮಹಾಗಾಂವ್ ಕ್ರಾಸಿನಿಂದ ಕಮಲಾಪುರದವರೆಗಿನ ರಸ್ತೆಯನ್ನು ನಕ್ಷೆಯ ಮೇಲೆ ಹಿಡಿದು, ರಸ್ತೆ ದಾಟುವ ಪ್ರತಿ ಹಳ್ಳಕ್ಕೂ ಆರಂಕಿಯ ರೆಫರೆನ್ಸ್ ಬರೆದು, ಹಳ್ಳ ಎಡಕ್ಕೆ ಹರಿಯುತ್ತದೋ ಬಲಕ್ಕೋ ಎಂದು ಮುಂಚಿತವಾಗಿ ಊಹಿಸಿಟ್ಟುಕೊಂಡು, ಬಸ್ಸಿನ ಕಿಟಕಿಯಿಂದಲೋ ಸೈಕಲ್ ಮೇಲೋ ಒಂದೊಂದನ್ನೂ ತಾಳೆ ನೋಡುತ್ತ ಹೋಗಬಹುದು. ಈ ಅಭ್ಯಾಸಕ್ಕೆ ಹಳ್ಳಗಳಲ್ಲಿ ನೀರಿರುವ ಜುಲೈಯಿಂದ ಅಕ್ಟೋಬರಿನ ಅವಧಿ ತಕ್ಕುದಾಗಿದೆ.